ಕಚ್ಛದ ಬ್ರಾಕಿಯೋಪಾಡ್ ಚಿಪ್ಪು: ಹೆಸರು ಹಚ್ಚೂದು ಹೆಂಗ?

ಪ್ರಶ್ನೆ (ಧಾರವಾಡ): ಲ್ಯಾಬಿನ್ಯಾಗ ಕಚ್ಛದ ಜುರಾಸಿಕ್ ಕಾಲದ ಬ್ರಾಕಿಯೋಪಾಡ್ (ಎರಡು ಚಿಪ್ಪಿನ ಸಮುದ್ರಜೀವಿ) ಪಳೆಯುಳಿಕಿ ಚಿಪ್ಪು ಅದಾವ್ರಿ, ಲೇಬಲ್ ಹರದಾವ. ಮ್ಯಾಲೆ ಗೆರಿ ಇದ್ದದ್ದಕ್ಕೆಲ್ಲಾ ‘ರಿಂಕೋನೆಲ್ಲಾ’ (ಬ್ರಾಕಿಯೋಪಾಡಿನ ಒಂದು ಕುಲ) ಅಂತ ಬರದ್ರ ನಡೀತದೇನು?

ಉತ್ತರ (ಹುಬ್ಬಳ್ಳಿ): ನಡಿಯೂದಿಲ್ರಿ. ಬ್ಯಾರೆ ಬ್ಯಾರೆ ಕುಲದಾಗೂ ಅಂಥಾ ಗೆರಿ ಬರ್ತಾವ. ಕೊಕ್ಕಿನ ಒಳಗಿನ ಕ್ರೂರಾ (ತಿನ್ನೋ ಅಂಗಕ್ಕ ಆಧಾರ ಕೊಡೋ ಜೋಡಿ ಕಡ್ಡಿ) ನೋಡಬೇಕು, ಅದಕ್ಕ ಚಿಪ್ಪು ಪದರ ಪದರ ತಿಕ್ಕಬೇಕಾಗ್ತದ. ಮೊದಲ ಫೋಟೋ, ಅಚ್ಚು, ಅಳತಿ ತಗೊಳ್ರಿ. ತಿಕ್ಕಿದ ಮ್ಯಾಲೆ ಚಿಪ್ಪು ಉಳಿಯೂದಿಲ್ಲ. ಕೊಕ್ಕಿನ ಕಡಿಯಿಂದ 0.1–0.2 ಮಿ.ಮೀ. ತಿಕ್ಕಿ, ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನ್ಯಾಗ ಕೆಲವು ಸೆಕೆಂಡ್ ಅದ್ದಿ, ತೊಳದು ಒಣಗಸ್ರಿ. ಅಸಿಟೋನ್ ಹಚ್ಚಿ ಅಸಿಟೇಟ್ ಹಾಳಿ ಅಂಟಿಸಿ, ಒಣಗಿದ ಮ್ಯಾಲೆ ಬಿಚ್ರಿ, ಆ ಪದರದ ಅಚ್ಚು ಹಾಳಿ ಮ್ಯಾಲೆ ಬರ್ತದ. ಹಿಂಗ ಪ್ರತಿ ಪದರಕ್ಕೂ.

ಇನ್ನೊಂದು ಉತ್ತರ (ಗದಗ): ಚಿಪ್ಪು ಓರೆ ಕುಂತ್ರ ಎಡ-ಬಲ ಕ್ರೂರಾ ಬ್ಯಾರೆ ಕಾಣ್ತಾವ, ಮೋಸ ಹೋಗಬ್ಯಾಡ್ರಿ. ಒಳಗ ಬರೀ ಕ್ಯಾಲ್ಸೈಟ್ ಹರಳು ತುಂಬಿದ್ರ ಹೆಸರು ‘ರಿಂಕೋನೆಲ್ಲಿಡಾ’ ಗಣಕ್ಕ (ಕುಲಕ್ಕಿಂತ ದೊಡ್ಡ ಗುಂಪು) ನಿಲ್ಲಸ್ರಿ. ಹೊಲೊಟೈಪ್ (ಜಾತಿಗೆ ಹೆಸರಿಟ್ಟಾಗ ಆಧಾರ ಮಾಡಿದ ಮೂಲ ಮಾದರಿ) ಇದ್ರ ತಿಕ್ಕೂದ ಬ್ಯಾಡ, ಮೈಕ್ರೋ-ಸಿಟಿ ಸ್ಕ್ಯಾನ್ (ಎಕ್ಸ್-ರೇಯಿಂದ ಒಳಗಿಂದು ನೋಡೂದು) ಮಾಡಸ್ರಿ.