ಕೆಲಸ ಹೋಯ್ತು, ಹೆಂಡತಿಗೆ ಏಳು ತಿಂಗಳು: ಕೋಬ್ರಾನಾ, ಮಾರ್ಕೆಟ್‌ಪ್ಲೇಸಾ?

ಶಿವಮೊಗ್ಗದ ಅಳಿಯ:
ನಮಸ್ಕಾರ. ಟೆಕ್ಸಾಸಿನ ಇರ್ವಿಂಗ್‌ನಲ್ಲಿದ್ದೇವೆ. ಸೆಪ್ಟೆಂಬರ್ 12ಕ್ಕೆ ಲೇಆಫ್ ಆಯಿತು. ಹದಿನೈದು ನಿಮಿಷದ ಕಾಲ್, ಅದು ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್. ಪುಣ್ಯಕ್ಕೆ ಗ್ರೀನ್ ಕಾರ್ಡ್ ಬಂದಾಗಿದೆ, ವೀಸಾ ತಲೆನೋವಿಲ್ಲ. ತಲೆನೋವು ಇನ್ಶೂರೆನ್ಸ್‌ದು. ಹೆಂಡತಿಗೆ ಏಳು ತಿಂಗಳು, ಡ್ಯೂ ಡೇಟ್ ನವೆಂಬರ್ 20. ಕಂಪನಿ ಪ್ಲಾನ್ ಸೆಪ್ಟೆಂಬರ್ 30ಕ್ಕೆ ನಿಲ್ಲುತ್ತದೆ.

ಕೋಬ್ರಾ (ಕೆಲಸ ಹೋದ ಮೇಲೂ ಪೂರ್ತಿ ಪ್ರೀಮಿಯಂ ನಾವೇ ಕಟ್ಟಿ ಕಂಪನಿಯ ಅದೇ ಪ್ಲಾನ್ ಮುಂದುವರಿಸುವುದು) ತಗೊಂಡರೆ ಇಬ್ಬರಿಗೂ ಸೇರಿ ತಿಂಗಳಿಗೆ 1,640 ಡಾಲರ್. ಸಂಬಳದಲ್ಲಿ ಹಿಡಿಯುತ್ತಿದ್ದದ್ದು 310! ನಾಗರಪಂಚಮಿಗೆ ಹಾಲೆರೆಯುವುದಕ್ಕೂ ಇಷ್ಟು ಖರ್ಚಿಲ್ಲ ಅಂತ ನನ್ನವಳು ನಗುತ್ತಾಳೆ. ಮಾರ್ಕೆಟ್‌ಪ್ಲೇಸ್ (ಸರ್ಕಾರಿ ವೆಬ್‌ಸೈಟಿನಲ್ಲಿ ನಾವೇ ಆರಿಸಿ ಕೊಳ್ಳುವ ಇನ್ಶೂರೆನ್ಸ್) ಪ್ಲಾನ್ ಅಗ್ಗ, ಆದರೆ ಅವಳ ಡಾಕ್ಟರ್ ಆ ಪ್ಲಾನಿನ ಲಿಸ್ಟಲ್ಲಿಲ್ಲ. ಕೋಬ್ರಾಗೆ ಹೂಂ ಅನ್ನಲು 60 ದಿನ ಇದೆಯಂತೆ. ಅಷ್ಟು ದಿನ ಸುಮ್ನೆ ಇದ್ದು, ಹೆರಿಗೆ ಆದ ಮೇಲೆ ಸೇರಿದರೆ ಆಗಲ್ವಾ?

ಪ್ಲೇನೋ ಅಕ್ಕ:
ತಮ್ಮಾ, ಆ ಆಟ ಹೆರಿಗೆಗೆ ಬೇಡ. ತಡವಾಗಿ ಸೇರಿದರೂ ಅಕ್ಟೋಬರ್ 1ರಿಂದಲೇ ಲೆಕ್ಕ ಹಿಡಿಯುತ್ತಾರೆ, ಅದು ನಿಜ. ಆದರೆ ಅಷ್ಟೂ ತಿಂಗಳ ಪ್ರೀಮಿಯಂ ಕೂಡ ಕಟ್ಟಲೇಬೇಕು. ಮಗು ಬರುವುದು ಗ್ಯಾರಂಟಿ, ಮತ್ತೆ ಉಳಿಯುವುದೇನು? ಕೊನೆ ತಿಂಗಳು ವಾರವಾರ ಡಾಕ್ಟರ್ ಹತ್ತಿರ ಹೋಗಬೇಕು. ಕೌಂಟರಿನಲ್ಲಿ ಇನ್ಶೂರೆನ್ಸ್ ಇಲ್ಲ ಅಂತ ಬಂದರೆ ಕೈಯಿಂದ ಕಟ್ಟಿ ಅಂತಾರೆ.

ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಹೇಳ್ತೀನಿ. ಕೋಬ್ರಾವನ್ನು ಇಬ್ಬರೂ ತಗೋಬೇಕು ಅಂತೇನಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹಕ್ಕು. ಅವಳೊಬ್ಬಳಿಗೇ ತಗೊಳ್ಳಿ. ಅದೇ ಡಾಕ್ಟರ್, ಅದೇ ಆಸ್ಪತ್ರೆ. ಸ್ಕ್ಯಾನ್, ರಕ್ತಪರೀಕ್ಷೆ ಅಂತ ಅವಳ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ವರ್ಷಕ್ಕೆ ನಾವು ಕೈಯಿಂದ ಕಟ್ಟುವ ಮೊತ್ತ) ಇಷ್ಟೊತ್ತಿಗೆ ಮುಗಿದಿರಬೇಕು, ಅಲ್ವಾ? ಹೊಸ ಪ್ಲಾನ್ ಅಂದರೆ ಅದು ಸೊನ್ನೆಯಿಂದ ಶುರು. ಅಗ್ಗ ಅಂತ ಹೋದರೆ ಹೆರಿಗೆ ಬಿಲ್ಲಿನಲ್ಲಿ ಹೊಡೆತ ಬೀಳುತ್ತದೆ.

ನೀನು ಮಾರ್ಕೆಟ್‌ಪ್ಲೇಸಿಗೆ ಹೋಗು. ಮಗುವನ್ನು ಹುಟ್ಟಿದ 60 ದಿನದೊಳಗೆ ನಿನ್ನ ಪ್ಲಾನಿಗೆ ಸೇರಿಸಿದರೆ ಹುಟ್ಟಿದ ದಿನದಿಂದಲೇ ಕವರ್ ಸಿಗುತ್ತದೆ. ನವೆಂಬರ್ 1ಕ್ಕೆ ಓಪನ್ ಎನ್‌ರೋಲ್‌ಮೆಂಟ್ (ಮುಂದಿನ ವರ್ಷದ ಪ್ಲಾನ್ ಆರಿಸುವ ಅವಧಿ) ಶುರು. ಡಿಸೆಂಬರ್ 15ರೊಳಗೆ ಅವಳಿಗೂ ಆರಿಸಿದರೆ ಜನವರಿ 1ರಿಂದ ಮೂವರೂ ಒಂದೇ ಪ್ಲಾನ್. ಡಿಸೆಂಬರ್ ಕೊನೆಗೆ ಕೋಬ್ರಾ ನಿಲ್ಲಿಸು. ಜನವರಿಯಲ್ಲಿ ಡಿಡಕ್ಟಿಬಲ್ ಹೇಗೂ ಹೊಸದಾಗಿ ಶುರು ತಾನೇ. ಎಚ್‌ಎಸ್‌ಎ (ಆಸ್ಪತ್ರೆ ಖರ್ಚಿಗೆಂದು ತೆರಿಗೆ ಇಲ್ಲದೆ ಕೂಡಿಡುವ ಖಾತೆ) ದುಡ್ಡಿದ್ದರೆ ಕೋಬ್ರಾ ಪ್ರೀಮಿಯಂ ಅದರಿಂದ ಕಟ್ಟು, ತೆರಿಗೆ ಬೀಳಲ್ಲ.

ಬೆಣ್ಣೆದೋಸೆ:
ಕಾಯುವ ಆಟ ನಾನು ಆಡಿದ್ದೇನೆ, ಗುರೂ. ಆಗ ಒಂಟಿ, ಗಟ್ಟಿಮುಟ್ಟು. 40ನೇ ದಿನ ಕ್ರಿಕೆಟ್ ಆಡುವಾಗ ಮಣಿಕಟ್ಟು ಮುರಿಯಿತು. ಎಡಗೈಯಲ್ಲೇ ಕೋಬ್ರಾ ಫಾರಂ ತುಂಬಿದೆ. ಹಿಂದಿನ ಪ್ರೀಮಿಯಂ ಕಟ್ಟಿದೆ, ಬಿಲ್ ಪಾಸಾಯಿತು. ಆದರೆ ಮೊದಲು ಕೈಯಿಂದ ಕೊಟ್ಟ ದುಡ್ಡು ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತು.

ಸೆವೆರೆನ್ಸ್ (ಕೆಲಸದಿಂದ ತೆಗೆದಾಗ ಕಂಪನಿ ಕೊಡುವ ಪರಿಹಾರ) ಪತ್ರಕ್ಕೆ ಸಹಿ ಹಾಕಿದ್ದೀರಾ? ಇಲ್ಲದಿದ್ದರೆ ಎರಡು ಮೂರು ತಿಂಗಳ ಕೋಬ್ರಾ ನೀವೇ ಕಟ್ಟಿ ಅಂತ ಎಚ್‌ಆರ್‌ಗೆ ಕೇಳಿ. ಕೇಳಲು ಸಂಕೋಚ ಬೇಡ.

ಶಿವಮೊಗ್ಗದ ಅಳಿಯ:
ಅಕ್ಕಾ, ಕೋಬ್ರಾ ಫಾರಂ ಬಂದ ಲಕೋಟೆ ತೆಗೆದು ನೋಡಿದೆ. ನಿಜ, ಒಬ್ಬೊಬ್ಬರ ಹೆಸರಿನ ಮುಂದೆಯೂ ಬೇರೆ ಬೇರೆ ಚೌಕ. ಅವಳೊಬ್ಬಳಿಗೆ 790. ಅವಳ ಡಿಡಕ್ಟಿಬಲ್‌ನಲ್ಲಿ ಬಾಕಿ ಇರುವುದು ಬರೀ 85 ಡಾಲರ್!

ಸಹಿ ಇನ್ನೂ ಹಾಕಿಲ್ಲ. ಎಚ್‌ಆರ್‌ಗೆ ಮೇಲ್ ಕಳಿಸಿದೆ, ನೋಡೋಣ. ನವೆಂಬರ್ 5ಕ್ಕೆ ಬಾಣಂತನಕ್ಕೆ ಅತ್ತೆ ಬರುತ್ತಿದ್ದಾರೆ. ಅವರಿಗೆ ಕೆಲಸದ ವಿಷಯ ಇನ್ನೂ ಹೇಳಿಲ್ಲ. ಅದಕ್ಕೂ ಯಾರಾದರೂ ಐಡಿಯಾ ಕೊಡಿ.

ಪ್ಲೇನೋ ಅಕ್ಕ:
ಅವರು ಟಿಕೆಟ್ ಬುಕ್ ಮಾಡಿಯಾಗಿದೆ ತಾನೇ? ಈಗಲೇ ಫೋನ್ ಮಾಡು.