ಮಿಶಿಗನ್‌ನಲ್ಲಿ ಹಳೇ ಡ್ರೈ ಕ್ಲೀನಿಂಗ್ ಜಾಗ ತಗೋಬಹುದಾ? ‘ಬ್ರೌನ್‌ಫೀಲ್ಡ್, ಟ್ಯಾಕ್ಸ್ ವಾಪಸ್’ ಅಂತಾರಲ್ಲ, ನಿಜಾನಾ?

ತುಮಕೂರು_ಟು_ಟ್ರಾಯ್:

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನಲ್ಲಿ ಅಂಗಡಿ ಜಾಗ ತಗೊಂಡು ಅನುಭವ ಇರುವವರು ಸ್ವಲ್ಪ ದಾರಿ ತೋರಿಸಿ. ನಾನು, ನಮ್ಮ ಯಜಮಾನರು, ನನ್ನ ತಮ್ಮ ಮೂವರೂ ಸೇರಿ ಒಂದು ದಿನಸಿ ಅಂಗಡಿ ಹಾಕೋಣ ಅಂತಿದ್ದೇವೆ. ಹಿಂದುಗಡೆ ಚಿಕ್ಕದೊಂದು ಅಡುಗೆಮನೆ, ಹೋಳಿಗೆ, ಚಟ್ನಿಪುಡಿ ಆರ್ಡರ್‌ಗೆ. ಓಕ್‌ಲ್ಯಾಂಡ್ ಕೌಂಟಿಯಲ್ಲಿ ಒಂದು ಮೂಲೆ ಜಾಗ ಇಷ್ಟವಾಗಿದೆ. ಮೊದಲು ಅಲ್ಲಿ ಸುಮಾರು 30 ವರ್ಷ ಡ್ರೈ ಕ್ಲೀನಿಂಗ್ ಅಂಗಡಿ ಇತ್ತಂತೆ. ಈಗ ಆರು ವರ್ಷದಿಂದ ಬಾಗಿಲು ಹಾಕಿದೆ, ಗಾಜು ಒಡೆದಿದೆ, ಪಾರ್ಕಿಂಗ್ ತುಂಬಾ ಹುಲ್ಲು. ಬೆಲೆ ಮಾತ್ರ ಅಕ್ಕಪಕ್ಕದ ಜಾಗಗಳ ಅರ್ಧ.

ಮಾರುವವರ ಏಜೆಂಟ್ ಹೇಳೋದು ಹೀಗೆ: “ಮಣ್ಣಲ್ಲಿ ಸ್ವಲ್ಪ ಕೆಮಿಕಲ್ ಇರಬಹುದು, ಹೆದರಬೇಡಿ. ಇದು ಬ್ರೌನ್‌ಫೀಲ್ಡ್. ಕ್ಲೀನ್ ಮಾಡಿದ ಖರ್ಚು ಸಿಟಿ ವಾಪಸ್ ಕೊಡುತ್ತೆ, ಟ್ಯಾಕ್ಸೂ ಇರಲ್ಲ.” ಬ್ರೌನ್‌ಫೀಲ್ಡ್ ಅಂದರೆ ಹಳೇ ಬಳಕೆಯಿಂದ ಕೆಟ್ಟ ಅಥವಾ ಹಾಳುಬಿದ್ದ ಜಾಗವಂತೆ. ಇಷ್ಟು ಒಳ್ಳೇ ಮಾತು ಕೇಳಿದ ಮೇಲೇ ನನಗೆ ಭಯ ಶುರುವಾಗಿದ್ದು. ನಿಜವಾಗಿ ಟ್ಯಾಕ್ಸ್ ಮನ್ನಾ ಆಗುತ್ತದಾ? ಹಳಬರು ಸುರಿದ ವಿಷಕ್ಕೆ ನಾವು ಹೊಣೆ ಆಗುತ್ತೇವಾ? ಕ್ಲೋಸಿಂಗ್‌ಗೆ, ಅಂದರೆ ದುಡ್ಡು ಕೊಟ್ಟು ಜಾಗ ನಮ್ಮ ಹೆಸರಿಗೆ ಮಾಡಿಕೊಳ್ಳೋಕೆ, ಐದು ವಾರ ಇದೆ.

ಮಣ್ಣು_ನೀರು_ಮಾಪಕ:

ಅಕ್ಕ, ನಾನು ಹಲವು ವರ್ಷ ಇಂಥ ಜಾಗಗಳ ಮಣ್ಣು ಕೊರೆದು ಟೆಸ್ಟ್ ಮಾಡುವ ಕೆಲಸದಲ್ಲಿದ್ದೆ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ತಪ್ಪಿದರೆ ಟ್ಯಾಕ್ಸ್ ವಿಷಯ ಮಾತಾಡಿ ಪ್ರಯೋಜನವೇ ಇಲ್ಲ.

ಮಿಶಿಗನ್ 1995ರಲ್ಲಿ ಕಾನೂನು ಬದಲಿಸಿತು. ವಿಷ ಸುರಿದವನೇ ಹೊಣೆ, ಬರೀ ಜಾಗದ ಮಾಲೀಕ ಅನ್ನುವ ಕಾರಣಕ್ಕೆ ಹೊಣೆ ಅಲ್ಲ. ಆದರೆ 1995ರ ಜೂನ್ 5ರ ನಂತರ ಕೊಂಡವರಿಗೆ ಈ ರಕ್ಷಣೆ ಸುಮ್ನೆ ಸಿಗುವುದಿಲ್ಲ. ಬೇಸ್‌ಲೈನ್ ಎನ್ವಿರಾನ್ಮೆಂಟಲ್ ಅಸೆಸ್‌ಮೆಂಟ್ ಅಂತ ಒಂದು ವರದಿ ಮಾಡಿಸಬೇಕು, ಎಲ್ಲರೂ ಬಿಇಎ ಅಂತಾರೆ. “ನಾವು ಬರುವಾಗಲೇ ಇಲ್ಲಿ ಇಷ್ಟು ಕೊಳೆ ಇತ್ತು” ಅನ್ನುವುದಕ್ಕೆ ಅದು ದಾಖಲೆ. ಬಾಡಿಗೆ ಮನೆಗೆ ಹೋಗುವಾಗ ಗೋಡೆಯ ಬಿರುಕಿನ ಫೋಟೋ ತೆಗೆದಿಟ್ಟುಕೊಳ್ಳುತ್ತೇವಲ್ಲ, ಹಾಗೆ. ಕೊಂಡ ದಿನದಿಂದ (ಅಥವಾ ಅದಕ್ಕೆ ಮೊದಲೇ ಒಳಗೆ ಹೋದರೆ ಆ ದಿನದಿಂದ) 45 ದಿನದೊಳಗೆ ಮಾಡಿಸಿ, 6 ತಿಂಗಳೊಳಗೆ ರಾಜ್ಯದ ಪರಿಸರ ಇಲಾಖೆಗೆ, ಅಂದರೆ ಇಗಲ್‌ಗೆ, ಕೊಡಬೇಕು. ಒಂದು ದಿನ ತಡವಾದರೂ ತಲೆನೋವು.

ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. 45 ದಿನ ಅನ್ನುವುದು ರಾಜ್ಯದ ಲೆಕ್ಕ. ಫೆಡರಲ್ ಸೂಪರ್‌ಫಂಡ್ ಕಾನೂನಿನಿಂದಲೂ (ಕೆಟ್ಟ ಜಾಗದ ಕ್ಲೀನಿಂಗ್ ಹೊಣೆ ಹೊರಿಸುವ ಕೇಂದ್ರದ ಕಾನೂನು) ಬಚಾವಾಗಬೇಕು ಅಂದರೆ ಫೇಸ್ ಒನ್ ತನಿಖೆ (ಹಳೇ ದಾಖಲೆ ಹುಡುಕಿ, ಜಾಗ ನೋಡಿ ಮಾಡುವ ವರದಿ) ಕೊಳ್ಳುವ ಮೊದಲೇ ಮುಗಿದಿರಬೇಕು, ಅದೂ 180 ದಿನಕ್ಕಿಂತ ಹಳೆಯದಾಗಿರಬಾರದು. ಮಾರುವವರು “ನಮ್ಮ ಹತ್ರ 2019ರ ರಿಪೋರ್ಟ್ ಇದೆ” ಅಂದರೆ ಓದೋಕೆ ತಗೊಳ್ಳಿ, ನಂಬಿಕೊಂಡು ಸಹಿ ಹಾಕಬೇಡಿ.

ಡ್ರೈ ಕ್ಲೀನಿಂಗ್ ಜಾಗದ ಸಮಸ್ಯೆ ಪರ್ಕ್, ಪೂರ್ತಿ ಹೆಸರು ಪರ್ಕ್ಲೋರೋಎಥಿಲೀನ್. ನೀರಿಗಿಂತ ಭಾರ. ಕಾಂಕ್ರೀಟ್ ನೆಲದ ಮೂಲಕವೇ ಇಳಿದು ಕೆಳಗೆ ಕೆಳಗೆ ಹೋಗುತ್ತದೆ, ಆಮೇಲೆ ಆವಿಯಾಗಿ ಮೇಲೆ ಕಟ್ಟಡದೊಳಗೆ ಬರುತ್ತದೆ. ನೀವು ಅಲ್ಲಿ ದಿನವಿಡೀ ನಿಂತು ಅಡುಗೆ ಮಾಡುವವರು, ಯೋಚನೆ ಮಾಡಿ. ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ನಮ್ಮ ಬೇಸ್‌ಮೆಂಟ್‌ಗಳಲ್ಲಿ ನೆಲದಿಂದ ಬರುವ ರೇಡಾನ್ ಅನಿಲಕ್ಕೆ ಹಾಕುತ್ತಾರಲ್ಲ, ನೆಲದಡಿ ಪೈಪು, ಒಂದು ಫ್ಯಾನು, ಚಾವಣಿ ಮೇಲೆ ಹೊಗೆಕೊಳವೆ, ಅದೇ ಥರ ವ್ಯವಸ್ಥೆ ಮಾಡಬಹುದು. ಯಾಕೆ ಹೇಳಿದೆ ಅಂದರೆ, ಬಿಇಎ ಇದ್ದರೆ ಹಳೇ ವಿಷ ಪೂರ್ತಿ ತೆಗೆಯುವ ಜವಾಬ್ದಾರಿ ನಿಮ್ಮದಲ್ಲ, ಆದರೆ ಒಳಗೆ ಇರುವವರಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುವುದು, ಕೊಳೆಯನ್ನು ಇನ್ನಷ್ಟು ಹರಡದೇ ಇರುವುದು ನಿಮ್ಮದೇ. ಅದಕ್ಕೆ ‘ಡ್ಯೂ ಕೇರ್’ ಅಂತಾರೆ.

ಟ್ಯಾಕ್ಸ್ ಮನ್ನಾ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲಿದ್ದಾರೆ.

ಗ್ಯಾಸ್‌ಸ್ಟೇಷನ್_ಗೌಡ:

ನನ್ನನ್ನೇ ಕರೆದ ಹಾಗಿದೆ. ನಾನು ಹಳೇ ಗ್ಯಾಸ್ ಸ್ಟೇಷನ್ ಒಂದನ್ನು ತಗೊಂಡು, ನೆಲದಡಿ ಟ್ಯಾಂಕ್ ತೆಗೆಸಿ, ಮಣ್ಣು ಹೊರಗೆ ಸಾಗಿಸಿ ಟೈರ್ ಅಂಗಡಿ ಕಟ್ಟಿದೆ. ಬ್ರೌನ್‌ಫೀಲ್ಡ್ ದುಡ್ಡು ಈಗಲೂ ಬರುತ್ತಿದೆ, ಹನಿ ಹನಿಯಾಗಿ.

ಅಕ್ಕ, ನಿಮ್ಮ ಏಜೆಂಟ್ ಎರಡು ಬೇರೆ ಬೇರೆ ವಿಷಯ ಸೇರಿಸಿ ಚಿತ್ರಾನ್ನ ಮಾಡಿದ್ದಾರೆ. ‘ಕ್ಲೀನ್ ಮಾಡಿದ್ದು ವಾಪಸ್’ ಅನ್ನುವುದು 1996ರ 381ನೇ ಆಕ್ಟ್. ಅದರಲ್ಲಿ ಟ್ಯಾಕ್ಸ್ ಮನ್ನಾ ಇಲ್ಲವೇ ಇಲ್ಲ. ಪೂರ್ತಿ ಟ್ಯಾಕ್ಸ್ ಕಟ್ಟುತ್ತೀರಿ. ನಿಮ್ಮ ಬ್ರೌನ್‌ಫೀಲ್ಡ್ ಪ್ಲಾನ್ ಪಾಸಾದಾಗ ಜಾಗದ ಟ್ಯಾಕ್ಸಬಲ್ ವ್ಯಾಲ್ಯೂ, ಅಂದರೆ ಟ್ಯಾಕ್ಸ್ ಲೆಕ್ಕ ಹಾಕುವ ಬೆಲೆ, ಎಷ್ಟಿತ್ತೋ ಅದು ಬೇಸ್. ನೀವು ಕಟ್ಟಡ ಕಟ್ಟಿದ ಮೇಲೆ ಅದು ಏರುತ್ತದೆ, ಏರಿದ ಭಾಗದ ಮೇಲಿನ ಟ್ಯಾಕ್ಸನ್ನು ಊರಿನ ಅಥವಾ ಕೌಂಟಿಯ ಬ್ರೌನ್‌ಫೀಲ್ಡ್ ಅಥಾರಿಟಿ ಹಿಡಿದಿಟ್ಟು, ನೀವು ಮೊದಲೇ ಕೈಯಿಂದ ಹಾಕಿದ ಖರ್ಚಿಗೆ, ಅದೂ ಪ್ಲಾನಿನಲ್ಲಿ ಒಪ್ಪಿದ ಖರ್ಚಿಗೆ ಮಾತ್ರ, ವರ್ಷ ವರ್ಷ ಚೂರು ಚೂರು ವಾಪಸ್ ಕೊಡುತ್ತದೆ. ಅಂದರೆ ನಿಮ್ಮದೇ ದುಡ್ಡು ನಿಮಗೇ ಕಂತಿನಲ್ಲಿ.

ಲೆಕ್ಕ ಹಾಕಿ ತೋರಿಸುತ್ತೇನೆ, ಅಂಕಿ ಬರೀ ಉದಾಹರಣೆಗೆ. ಬೇಸ್ 60 ಸಾವಿರ ಡಾಲರ್ ಅಂದುಕೊಳ್ಳಿ. ಅಂಗಡಿ ಎದ್ದ ಮೇಲೆ ಮಾರ್ಕೆಟ್ ಬೆಲೆ 8 ಲಕ್ಷ. ಇಲ್ಲಿ ಅಸೆಸ್‌ಮೆಂಟ್ ಮಾರ್ಕೆಟ್ ಬೆಲೆಯ ಅರ್ಧ, ಹಾಗಾಗಿ 4 ಲಕ್ಷ. ಏರಿದ್ದು 3 ಲಕ್ಷ 40 ಸಾವಿರ. ಒಂದು ಮಿಲ್ ಅಂದರೆ ಸಾವಿರಕ್ಕೆ ಒಂದು ಡಾಲರ್. ಊರು, ಕೌಂಟಿ, ಕಾಲೇಜು ಎಲ್ಲಾ ಸೇರಿ 20 ಮಿಲ್ ಹಿಡಿಯಬಹುದು ಅಂತಾದರೆ ವರ್ಷಕ್ಕೆ 6,800 ಡಾಲರ್. ಕ್ಲೀನಿಂಗ್‌ಗೆ ನೀವು ಒಂದೂವರೆ ಲಕ್ಷ ಹಾಕಿದ್ದರೆ ವಾಪಸ್ ಬರೋಕೆ 22 ವರ್ಷ! ನಿಮ್ಮ ತಮ್ಮನ ಮಕ್ಕಳ ಮದುವೆ ಹೊತ್ತಿಗೆ ಮುಗಿಯುತ್ತದೆ.

ಇದನ್ನು ಕಡಿಮೆ ಮಾಡುವ ದಾರಿ ಸ್ಕೂಲ್ ಟ್ಯಾಕ್ಸ್. ಸ್ಕೂಲ್ ಆಪರೇಟಿಂಗ್ 18 ಮಿಲ್, ರಾಜ್ಯದ ಎಜುಕೇಶನ್ ಟ್ಯಾಕ್ಸ್ 6 ಮಿಲ್. ಆ ಆರರಲ್ಲಿ ಮೂರು ರಾಜ್ಯದ ಬ್ರೌನ್‌ಫೀಲ್ಡ್ ಫಂಡ್‌ಗೆ ಹೋಗುತ್ತದೆ, ಉಳಿದ 21 ನಿಮ್ಮ ಲೆಕ್ಕಕ್ಕೆ. ಅದೂ ಸೇರಿದರೆ ಅದೇ ಖರ್ಚು ಸುಮಾರು 11 ವರ್ಷಕ್ಕೆ ತೀರುತ್ತದೆ. ಆದರೆ ಇದಕ್ಕೆ ಊರು ಒಪ್ಪಿದರೆ ಸಾಲದು, ರಾಜ್ಯ ಒಪ್ಪಬೇಕು. ಮಣ್ಣು, ನೀರಿನ ಕೆಲಸಕ್ಕೆ ಇಗಲ್. ಬೇರೆ ವರ್ಕ್ ಪ್ಲಾನ್, ಬೇರೆ ಕಾಗದ, ಕನ್ಸಲ್ಟೆಂಟ್‌ಗೆ ಬೇರೆ ಬಿಲ್ಲು. ಚಿಕ್ಕ ಜಾಗಕ್ಕೆ ಒಮ್ಮೊಮ್ಮೆ ಈ ಕಾಗದದ ಖರ್ಚೇ ಹಬ್ಬ ಮಾಡಿಬಿಡುತ್ತದೆ.

ಟ್ಯಾಕ್ಸ್ ನಿಜವಾಗಿ ಕಡಿಮೆ ಮಾಡುವುದು ಇನ್ನೊಂದು ಕಾನೂನು, ಓಪ್ರಾ, 2000ದ 146ನೇ ಆಕ್ಟ್. ಹಾಳುಬಿದ್ದ ಕಟ್ಟಡ ರಿಪೇರಿ ಮಾಡಿದರೆ ಊರು, ಕೌಂಟಿ ಟ್ಯಾಕ್ಸ್ ಲೆಕ್ಕಕ್ಕೆ ಕಟ್ಟಡದ ಟ್ಯಾಕ್ಸಬಲ್ ವ್ಯಾಲ್ಯೂ 1ರಿಂದ 12 ವರ್ಷದವರೆಗೆ ಹಳೇ ಮಟ್ಟದಲ್ಲೇ ನಿಲ್ಲುತ್ತದೆ, ಸ್ಕೂಲ್ ಟ್ಯಾಕ್ಸ್ ಮಾತ್ರ ಏರಿದ ಬೆಲೆಯ ಮೇಲೂ ಬರುತ್ತದೆ. ಎಲ್ಲ ಊರಿನಲ್ಲೂ ಇಲ್ಲ, ಪಟ್ಟಿಯಲ್ಲಿರುವ ಊರುಗಳಿಗೆ ಮಾತ್ರ. ಈಗ ತಮಾಷೆ ನೋಡಿ: ಓಪ್ರಾ ತಗೊಂಡರೆ ಕಟ್ಟಡದ ಮೇಲೆ ಊರು, ಕೌಂಟಿ ಟ್ಯಾಕ್ಸ್ ಏರುವುದಿಲ್ಲ, ಅದು ಏರದಿದ್ದರೆ ಬ್ರೌನ್‌ಫೀಲ್ಡ್‌ನವರಿಗೆ ಅದರಲ್ಲಿ ಹಿಡಿಯೋಕೆ ಹೆಚ್ಚೇನೂ ಇರುವುದಿಲ್ಲ. ಒಂದು ಇನ್ನೊಂದನ್ನು ತಿನ್ನುತ್ತದೆ. ನನಗೆ ಇದನ್ನು ಮೊದಲೇ ಯಾರೂ ಹೇಳಲಿಲ್ಲ, ಎರಡಕ್ಕೂ ಅರ್ಜಿ ಹಾಕಿ, ಎರಡಕ್ಕೂ ಫೀಸು ಕಟ್ಟಿ, ಆಮೇಲೆ ಒಂದನ್ನು ಕೈಬಿಟ್ಟೆ.

ಇನ್ನೊಂದು. ಬ್ಯಾಂಕಿನವರಿಗೆ “ಮುಂದೆ ವಾಪಸ್ ಬರುತ್ತದೆ” ಅಂದರೆ ಅವರು ತಲೆ ಆಡಿಸುತ್ತಾರೆ, ಸಾಲ ಕೊಡುವುದಿಲ್ಲ. ಕ್ಲೀನಿಂಗ್ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ.

ತುಮಕೂರು_ಟು_ಟ್ರಾಯ್:

ಗೌಡ್ರೇ, 22 ವರ್ಷ ಓದಿ ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ಹಾಗಾದರೆ ನಮ್ಮಂಥ ಚಿಕ್ಕವರಿಗೆ ಇದರಲ್ಲಿ ಏನೂ ಇಲ್ವಾ?

ಮಣ್ಣು_ನೀರು_ಮಾಪಕ:

ಇದೆ. ಕೌಂಟಿಯ ಬ್ರೌನ್‌ಫೀಲ್ಡ್ ಆಫೀಸಿಗೆ ನಾಳೆನೇ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಇಪಿಎ (ಫೆಡರಲ್ ಪರಿಸರ ಇಲಾಖೆ) ಅಸೆಸ್‌ಮೆಂಟ್ ಗ್ರಾಂಟಿನಲ್ಲಿ ದುಡ್ಡು ಉಳಿದಿದೆಯಾ? ಆ ಗ್ರಾಂಟ್ ಕೌಂಟಿಗೋ ಊರಿಗೋ ಬರುತ್ತದೆ, ಆದರೆ ನಿಮ್ಮ ಜಾಗಕ್ಕೆ ಅರ್ಹತೆ ಇದ್ದರೆ ಫೇಸ್ ಒನ್, ಫೇಸ್ ಟೂ (ಸ್ಯಾಂಪಲ್ ತೆಗೆದು ಮಾಡುವ ಟೆಸ್ಟ್), ಬಿಇಎ ಎಲ್ಲಾ ಅದರಿಂದಲೇ ಮಾಡಿಸಬಹುದು. ವಾಪಸ್ ಕೊಡುವ ರಗಳೆಯೇ ಇಲ್ಲ. ಚಿಕ್ಕವರಿಗೆ ನಿಜವಾದ ಲಾಭ ಅಂದರೆ ಇದೇ, ಜಾಹೀರಾತಿನಲ್ಲಿ ಕಾಣುವುದಿಲ್ಲ ಅಷ್ಟೇ.

ಮತ್ತೆ, ಕೊಂಡ ಮಾರನೇ ವರ್ಷ ಟ್ಯಾಕ್ಸಬಲ್ ವ್ಯಾಲ್ಯೂ ಅನ್‌ಕ್ಯಾಪ್ ಆಗಿ (ವರ್ಷಕ್ಕೆ ಇಷ್ಟೇ ಏರಬಹುದು ಅನ್ನುವ ಮಿತಿ ತಪ್ಪಿ) ಮೇಲೆ ಹಾರುತ್ತದೆ, 1994ರ ಪ್ರಪೋಸಲ್ ಎ ನಿಯಮ. ಪ್ಲಾನ್ ಅದಕ್ಕೆ ಮೊದಲೇ ಪಾಸಾದರೆ ಬೇಸ್ ಕೆಳಗಿರುತ್ತದೆ, ವಾಪಸ್ ಬೇಗ ಆಗುತ್ತದೆ. ತಡ ಮಾಡಿದರೆ ಆ ಹಾರಿದ ಭಾಗ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಟ್ಯಾಕ್ಸ್_ಕಟ್ಟೋ_ಬಡಪಾಯಿ:

ಎಲ್ಲರೂ ಹೇಗೆ ತಗೊಳ್ಳೋದು ಅಂತ ಮಾತಾಡುತ್ತಿದ್ದೀರಿ, ಕೊಡುವವರು ಯಾರು ಅಂತ ಯಾರೂ ಕೇಳುತ್ತಿಲ್ಲ. ಏರಿದ ಟ್ಯಾಕ್ಸ್ ಊರಿಗೆ, ಕೌಂಟಿಗೆ, ಕಮ್ಯುನಿಟಿ ಕಾಲೇಜಿಗೆ ಬರಬೇಕಾದದ್ದು. ಸ್ಕೂಲ್ ಭಾಗ ಹಿಡಿದರೆ ನಿಮ್ಮ ಊರಿನ ಸ್ಕೂಲಿಗೆ ಆಪರೇಟಿಂಗ್ ದುಡ್ಡು ರಾಜ್ಯ ತುಂಬಿಕೊಡುತ್ತದೆ, ಸರಿ, ಆದರೆ ರಾಜ್ಯದ ಆ ದುಡ್ಡು ಆಕಾಶದಿಂದ ಉದುರುತ್ತದಾ?

ಈ ಅಕ್ಕನ ಡ್ರೈ ಕ್ಲೀನಿಂಗ್ ಜಾಗಕ್ಕೆ ಕೊಟ್ಟರೆ ನನ್ನ ತಕರಾರಿಲ್ಲ, ಅಲ್ಲಿ ವಿಷ ಇದೆ, ಯಾರೂ ಕೊಳ್ಳುತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಬ್ರೌನ್‌ಫೀಲ್ಡ್ ಅನ್ನುವ ಪದ ಹಿಗ್ಗಿದ ರೀತಿಗೆ. ಮಿಶಿಗನ್‌ನಲ್ಲಿ ಮಣ್ಣು ಕೆಟ್ಟಿರಬೇಕು ಅಂತೇನೂ ಇಲ್ಲ, ಕಟ್ಟಡ ಹಳತಾಗಿ ಕೆಲಸಕ್ಕೆ ಬಾರದಿದ್ದರೂ ಸಾಕು. 2017ರಲ್ಲಿ ‘ಟ್ರಾನ್ಸ್‌ಫರ್ಮೇಶನಲ್’ ಅಂತ ದೊಡ್ಡ ಪ್ರಾಜೆಕ್ಟ್‌ಗಳಿಗೆ ಬೇರೆ ಕಾನೂನು ತಂದರು, ಅದರಲ್ಲಿ ಆಸ್ತಿ ತೆರಿಗೆ ಮಾತ್ರವಲ್ಲ, ಅಲ್ಲಿ ಕೆಲಸ ಮಾಡುವವರ, ವಾಸ ಮಾಡುವವರ ರಾಜ್ಯ ಇನ್‌ಕಮ್ ಟ್ಯಾಕ್ಸೂ ಪ್ರಾಜೆಕ್ಟ್‌ಗೆ ಹೋಗುತ್ತದೆ. ಡೆಟ್ರಾಯ್ಟ್ ಡೌನ್‌ಟೌನ್‌ನಲ್ಲಿ 1998ರಲ್ಲಿ ಬೀಳಿಸಿದ ಹಡ್ಸನ್ಸ್ ಅಂಗಡಿಯ ಜಾಗ ಎದ್ದಿದ್ದು ಇದರಲ್ಲೇ. ಡೌನ್‌ಟೌನ್ ನಡುಮಧ್ಯದ ಜಾಗ ಅದು! ಅತ್ತ ಐ-75, ಐ-94 ಸೇರುವ ಕಡೆ ಫಿಶರ್ ಬಾಡಿಯ 21ನೇ ಪ್ಲಾಂಟ್ ನೋಡಿ. 1919ರ ಕಾರ್ಖಾನೆ ಕಟ್ಟಡ, 1993ರಲ್ಲಿ ಖಾಲಿಯಾಯಿತು. ಮೂವತ್ತು ವರ್ಷ ಅದರ ಒಡೆದ ಕಿಟಕಿ ನೋಡಿಕೊಂಡೇ ಕೆಲಸಕ್ಕೆ ಹೋದವನು ನಾನು. ವಿಷ ಇರುವ ಕಡೆ ದುಡ್ಡು ಹೋಗುವುದಿಲ್ಲ, ದುಡ್ಡು ಇರುವ ಕಡೆ ದುಡ್ಡು ಹೋಗುತ್ತದೆ.

ಗ್ಯಾಸ್‌ಸ್ಟೇಷನ್_ಗೌಡ:

ಬಡಪಾಯಿ ಅವರೇ, ಒಪ್ಪುತ್ತೇನೆ, ಆದರೆ ಅರ್ಧ. ನನ್ನ ಟೈರ್ ಅಂಗಡಿ ಜಾಗ ಖಾಲಿ ಬಿದ್ದಿದ್ದಾಗ ಊರಿಗೆ ಬರುತ್ತಿದ್ದ ಟ್ಯಾಕ್ಸ್ ಈಗಲೂ ಬರುತ್ತಿದೆ, ಬೇಸ್ ಅವರದ್ದೇ. ನಾನು ಬರದಿದ್ದರೆ ಏರಿಕೆಯೂ ಇರುತ್ತಿರಲಿಲ್ಲ. “ನೀನು ಬರದಿದ್ದರೆ ಇನ್ನೊಬ್ಬ ಬರುತ್ತಿದ್ದ” ಅಂತ ನೀವು ಹೇಳಬಹುದು. ಹನ್ನೊಂದು ವರ್ಷ ಯಾರೂ ಬರಲಿಲ್ಲ ಅನ್ನುವುದಷ್ಟೇ ನನ್ನ ಉತ್ತರ. ಹಡ್ಸನ್ಸ್ ಬಗ್ಗೆ ನನ್ನ ವಾದ ಇಲ್ಲ.

ಕೆಜಿಎಫ್_ಧೂಳು:

ಓದುತ್ತಾ ಹೊಟ್ಟೆ ಉರಿಯಿತು. ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಹಾಗೇ ನಿಂತವು. ಗಾಳಿ ಬೀಸಿದರೆ ಒಣಗಲು ಹಾಕಿದ ಬಟ್ಟೆಯೆಲ್ಲ ಬಿಳಿ ಪುಡಿ. ಅಲ್ಲಿ 45 ದಿನದ ವರದಿ ಯಾರು ಯಾರಿಗೆ ಕೊಡಬೇಕಿತ್ತು? ಸರಿ, ಅಕ್ಕನ ಪ್ರಶ್ನೆಗೆ ಸಂಬಂಧ ಇಲ್ಲ, ಕ್ಷಮಿಸಿ. ಒಂದು ಮಾತು ಮಾತ್ರ: ಧೂಳಿನಲ್ಲಿ ಬೆಳೆದವನಾಗಿ ಹೇಳುತ್ತೇನೆ, ಆ ನೆಲದಡಿ ಪೈಪಿನ ವಿಷಯದಲ್ಲಿ ದುಡ್ಡು ಉಳಿಸಬೇಡಿ.

ತುಮಕೂರು_ಟು_ಟ್ರಾಯ್:

ಅಪ್‌ಡೇಟ್ ಕೊಡುತ್ತಿದ್ದೇನೆ. ಕೌಂಟಿಗೆ ಫೋನ್ ಮಾಡಿದೆ. ಗ್ರಾಂಟಿನಲ್ಲಿ ದುಡ್ಡು ಇದೆ, ಫಾರ್ಮ್ ಕಳಿಸಿದ್ದಾರೆ, ಮಾಲೀಕರ ಒಪ್ಪಿಗೆ ಬೇಕಂತೆ. ಏಜೆಂಟ್‌ಗೆ ಕ್ಲೋಸಿಂಗ್ 90 ದಿನ ಮುಂದಕ್ಕೆ ಹಾಕಿ, ಫೇಸ್ ಟೂ ರಿಸಲ್ಟ್ ನೋಡಿ ಬೇಡ ಅಂದರೆ ಅಡ್ವಾನ್ಸ್ ವಾಪಸ್ ಅಂತ ಕಾಗದದಲ್ಲಿ ಬರೆಯಿರಿ ಅಂದೆ. ಮೊದಲು “ಬೇರೆ ಪಾರ್ಟಿ ಇದ್ದಾರೆ” ಅಂದರು. ಹಾಗಾದರೆ ಅವರಿಗೇ ಕೊಡಿ ಅಂದೆ. ಸಂಜೆಗೆ ಅವರೇ ಫೋನ್ ಮಾಡಿ 60 ದಿನ ಅಂದರು. ಅಡ್ವಾನ್ಸ್ ಮಾತಿಗೂ ಒಪ್ಪಿದ್ದಾರೆ. ಗೌಡ್ರ 22 ವರ್ಷದ ಲೆಕ್ಕವನ್ನು ತಮ್ಮ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದಾನೆ.

ಮಣ್ಣು_ನೀರು_ಮಾಪಕ:

ಒಳ್ಳೇದಾಯ್ತು. ಫೇಸ್ ಟೂ ಮಾಡುವಾಗ ಬರೀ ಮಣ್ಣು ಸಾಲದು, ನೆಲದ ಸ್ಲ್ಯಾಬ್ ಕೆಳಗಿನ ಗಾಳಿಯ ಸ್ಯಾಂಪಲ್ಲೂ ತೆಗೆಯಿರಿ ಅಂತ ಹೇಳಿ. ಹಳೇ ಮೆಷಿನ್ ಎಲ್ಲಿ ನಿಂತಿತ್ತು, ಹಿಂಬಾಗಿಲು ಎಲ್ಲಿತ್ತು ಅಂತ ಅಕ್ಕಪಕ್ಕದ ಅಂಗಡಿಯವರನ್ನು ಕೇಳಿ ಗುರುತು ಹಾಕಿಕೊಳ್ಳಿ, ಜಾಸ್ತಿ ಸುರಿದಿರುವುದು ಆ ಎರಡು ಕಡೆ.