ಎಂಜಿನ್‌ಎಕ್ಸ್ (ವೆಬ್ ಸರ್ವರ್) 403 ತೋರಿಸುತ್ತಿದೆ, ಫೈಲ್ ಪರ್ಮಿಷನ್ ಸರಿಯಾಗೇ ಇದೆ

ಪ್ರಶ್ನೆ: ನಮ್ಮೂರ ಲೈಬ್ರರಿಗೆ ಪುಸ್ತಕ ಹುಡುಕುವ ಸಣ್ಣ ವೆಬ್ ಆ್ಯಪ್ ಮಾಡಿದ್ದೇನೆ. ಉಬುಂಟು ಆಪರೇಟಿಂಗ್ ಸಿಸ್ಟಮ್‌ನ 20.04ರಲ್ಲಿ ಚೆನ್ನಾಗಿತ್ತು. ಹೊಸದಾಗಿ 22.04 ಹಾಕಿ, ಅವೇ ಫೈಲ್‌ಗಳನ್ನು ಮತ್ತೆ ಹೋಮ್ ಫೋಲ್ಡರ್‌ನಲ್ಲೇ ಇಟ್ಟ ಮೇಲೆ ಯಾವ ಪೇಜ್ ತೆರೆದರೂ 403, ಅಂದರೆ 'ಪ್ರವೇಶವಿಲ್ಲ' ಅನ್ನೋ ಎರರ್. ಫೈಲ್‌ಗೆ 644 (ಎಲ್ಲರೂ ಓದಬಹುದು), ಆ್ಯಪ್ ಫೋಲ್ಡರ್‌ಗೆ 755 (ಎಲ್ಲರೂ ಒಳಗೆ ಹೋಗಬಹುದು) ಪರ್ಮಿಷನ್ ಇದೆ. ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಕೊಟ್ಟುಬಿಡಲಾ?

ಉತ್ತರ 1: 777 ಬೇಡವೇ ಬೇಡ! ಸರ್ವರ್‌ನಲ್ಲಿರುವ ಯಾವ ಯೂಸರ್ ಬೇಕಾದರೂ ನಿಮ್ಮ ಕೋಡ್ ತಿದ್ದಬಹುದು. ಸುಮ್ನೆ ಊಹಿಸುವ ಬದಲು, ಎಂಜಿನ್‌ಎಕ್ಸ್ ತೊಂದರೆಗಳನ್ನು ಬರೆದಿಡುವ ಎರರ್ ಲಾಗ್‌ನ ಕೊನೆ ಸಾಲು ನೋಡಿ.

ಪ್ರಶ್ನೆ ಕೇಳಿದವರು: '13: ಪರ್ಮಿಷನ್ ಡಿನೈಡ್' ಅಂತಿದೆ ಸರ್.

ಉತ್ತರ 2: ಹಾಗಾದರೆ ಆ್ಯಪ್ ಫೋಲ್ಡರ್‌ಗಿಂತ ಮೇಲಿನ ಫೋಲ್ಡರ್, ಅಂದರೆ ಹೋಮ್ ನೋಡಿ. 21.04ರಿಂದ ಉಬುಂಟು ಹೊಸ ಹೋಮ್ ಫೋಲ್ಡರ್‌ಗೆ 755 ಬದಲು 750 ಕೊಡುತ್ತದೆ, ಅಂದರೆ ಒಳಗಿನ ಕೋಣೆಗಳೆಲ್ಲ ತೆರೆದಿದ್ದರೂ ಹೊರಬಾಗಿಲಿಗೇ ಬೀಗ, ವೆಬ್ ಸರ್ವರ್ ಒಳಗೆ ಬರೋದು ಹೇಗೆ, ಅಲ್ವಾ? ಹೋಮ್ ಸಡಿಲ ಮಾಡಬೇಡಿ, ಅಲ್ಲಿ ನಿಮ್ಮ ಬೇರೆ ಫೈಲ್‌ಗಳೂ ಇರುತ್ತವೆ. ಆ್ಯಪ್ ಅನ್ನೇ 'ವಾರ್' ಒಳಗಿನ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ' ಫೋಲ್ಡರ್‌ಗೆ (/var/www) ಸಾಗಿಸಿ, ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ರೂಟ್ (ಪೇಜ್‌ಗಳನ್ನು ಎಲ್ಲಿಂದ ಕೊಡಬೇಕೋ ಆ ಫೋಲ್ಡರ್) ಬದಲಿಸಿ, ಎಂಜಿನ್‌ಎಕ್ಸ್ ರೀಲೋಡ್ ಮಾಡಿ.

ಪ್ರಶ್ನೆ ಕೇಳಿದವರು: ಬಂತು! ತುಂಬಾ ಥ್ಯಾಂಕ್ಸ್.

ಉತ್ತರ 1: ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲ್ ಮಾತ್ರ ಆ ರೂಟ್ ಒಳಗೆ ಬೇಡ. ಬ್ರೌಸರ್‌ನಲ್ಲಿ ಅದರ ಹೆಸರು ಹಾಕಿ ಈಗಲೇ ನೋಡಿ. ತೆರೆದರೆ ಮೊದಲು ಪಾಸ್‌ವರ್ಡ್ ಬದಲಿಸಿ.